ಶ್ವಾನಗಳ ಕಾರ್ಯಪರೀಕ್ಷೆಯೂ ಅಹಿಂಸಾಣುವ್ರತವೂ

ಪ್ರಾಣಿಗಳನ್ನು ಒಳಗೊಂಡ ಕ್ರೀಡೆಗಳ ಪ್ರಸ್ತಾಪ ಬಂದಾಗ ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಅದೆಲ್ಲ ಹಿಂಸೆ, ನಮಗೆ ಸಲ್ಲದು' ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 'ನಾಯಿಗೂ ಅದರಲ್ಲಿ ಸಂತೋಷವಿದೆ' ಎಂದು ಕಿರಿಯರು ಅಷ್ಟೇ ಚುಟುಕಾಗಿ ಉತ್ತರಿಸುತ್ತಾರೆ. ಆ ಕ್ರೀಡೆಯಲ್ಲಿ ನಿಜವಾಗಿ ಏನು ನಡೆಯುತ್ತದೆ, ಯಾರು ಯಾರಿಂದ ಏನನ್ನು ಮಾಡಿಸುತ್ತಾರೆ, ಯಾವ ಉಪಾಯದಿಂದ ಮಾಡಿಸುತ್ತಾರೆ ಎಂಬ ವಿಚಾರ ಈ ಎರಡು ಮಾತುಗಳಲ್ಲಿಯೂ ಇಲ್ಲ. ವಿಷಯವನ್ನು ಬಿಡಿಬಿಡಿಯಾಗಿ ನೋಡದೆ ಕೊಟ್ಟ ತೀರ್ಪು ಧರ್ಮದೃಷ್ಟಿಯದೆನಿಸಲಾರದು. ಆದುದರಿಂದ ಇಲ್ಲಿ ಒಂದೇ ಒಂದು ಸ್ಪರ್ಧೆಯನ್ನು, ಇಂಗ್ಲೆಂಡಿನಲ್ಲಿ 'ವರ್ಕಿಂಗ್ ಟ್ರಯಲ್ಸ್' ಎಂದು ಹೆಸರಾಗಿರುವ ನಾಯಿಗಳ ಬಯಲು ಕಾರ್ಯಪರೀಕ್ಷೆಯನ್ನು, ತೆಗೆದುಕೊಂಡು ಪರಿಶೀಲಿಸಲಾಗಿದೆ. ದೂರದ ದೇಶದ ಈ ವಿಷಯ ನಮ್ಮ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಮನೆಗಳಲ್ಲಿ ಈಗ ಜರ್ಮನ್ ಷೆಫರ್ಡ್, ಡಾಬರ್ಮನ್ ನಾಯಿಗಳಿವೆ. ಅವುಗಳನ್ನು ಪಳಗಿಸಲು ತರಬೇತುದಾರರು ಬರುತ್ತಾರೆ. ಆ ತರಬೇತಿಯ ಹಲವು ರೀತಿಗಳು ಹುಟ್ಟಿದ್ದು ಈ ಸ್ಪರ್ಧೆಗಳ ಮೈದಾನದಲ್ಲಿಯೇ. ಅಲ್ಲದೆ ನಮ್ಮ ಬಸದಿಗಳ ಆವರಣಗಳಲ್ಲಿಯೂ ಕಾವಲಿಗೆ ನಾಯಿಗಳಿವೆ.

ಮೊದಲು ಸ್ವಲ್ಪ ಇತಿಹಾಸ. 1873ರಲ್ಲಿ ವೇಲ್ಸ್ ಪ್ರಾಂತದ ಬಾಲಾ ಎಂಬ ಊರಿನಲ್ಲಿ ಕುರಿಕಾಯುವ ನಾಯಿಗಳ ಸ್ಪರ್ಧೆಯೊಂದು ನಡೆಯಿತು. ಅದೇ ವರ್ಷ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಯಿತು. ಜರ್ಮನಿಯಲ್ಲಿ 1899ರಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ನಿವೃತ್ತ ಸೇನಾಧಿಕಾರಿ ಕುರಿನಾಯಿಗಳ ಸಂಘವನ್ನು ಕಟ್ಟಿದನು. ಯಾವ ನಾಯಿ ತಳಿ ಬೆಳೆಸಲು ಯೋಗ್ಯ ಎಂಬುದನ್ನು ಅದರ ರೂಪದಿಂದಲ್ಲ, ಕೆಲಸದಿಂದಲೇ ನಿರ್ಣಯಿಸಬೇಕು ಎಂಬುದು ಅವನ ಹಟ. ಆ ಹಟದಿಂದ 'ಷುಟ್ಸ್‌ಹುಂಡ್', ಎಂದರೆ ರಕ್ಷಣಾಶ್ವಾನ, ಎಂಬ ಪರೀಕ್ಷೆ ಬೆಳೆಯಿತು. ಜಾಡು ಹಿಡಿಯುವುದು, ಆಜ್ಞೆ ಪಾಲಿಸುವುದು, ಮನುಷ್ಯನನ್ನು ತಡೆದು ಕಚ್ಚುವುದು ಎಂಬ ಮೂರು ಅಂಗಗಳು ಅದಕ್ಕಿದ್ದವು. ಹೆಸರು ಬದಲಾಗಿ ಬಂದಿದ್ದರೂ ಇಂದಿಗೂ ಅವೇ ಮೂರು. ಇಂಗ್ಲೆಂಡಿನ ಕಾರ್ಯಪರೀಕ್ಷೆ 1924ರಲ್ಲಿ ಆರಂಭವಾಯಿತು. ಅದನ್ನು ನಡೆಸಿದ ಸಂಘದ ಹೆಸರಿನಲ್ಲಿಯೇ ಕುರಿ, ಪೊಲೀಸ್, ಸೇನೆ ಎಂಬ ಮೂರು ಶಬ್ದಗಳು ಸೇರಿದ್ದವು. ಮೊದಲ ಮಹಾಯುದ್ಧ ಮುಗಿದು ಆರು ವರ್ಷಗಳಷ್ಟೇ ಆಗಿದ್ದ ಕಾಲವದು. ಜೀವನೋಪಾಯ, ಕಾವಲು, ಯುದ್ಧ ಈ ಮೂರರಿಂದ ಹುಟ್ಟಿದ ವಿದ್ಯೆ ಕ್ರಮೇಣ ವಾರಾಂತ್ಯದ ವಿನೋದವಾಯಿತು. ನಮ್ಮ ವಿಮರ್ಶೆಗೆ ಈ ಬದಲಾವಣೆಯೇ ಮುಖ್ಯವಾದದ್ದು. ಮುಂದೆ ಅದಕ್ಕೆ ಬರುತ್ತೇನೆ.

ಸ್ಪರ್ಧೆಯ ಸ್ವರೂಪ ಹೀಗಿದೆ. ಸಹಚರ ಶ್ವಾನ, ಉಪಯೋಗಿ ಶ್ವಾನ, ಕಾರ್ಯಶ್ವಾನ, ಜಾಡುಶ್ವಾನ, ಪಹರೆಶ್ವಾನ ಎಂದು ಕನ್ನಡಿಸಬಹುದಾದ ಐದು ವರ್ಗಗಳು ಬಹುಕಾಲದಿಂದ ಇವೆ. ಜಾಡುಶ್ವಾನ ವರ್ಗದಲ್ಲಿ ಒಟ್ಟು 200 ಅಂಕ. ಅದರಲ್ಲಿ ವಿಧೇಯತೆಗೆ 35, ಜಿಗಿತಕ್ಕೆ 20. ಉಳಿದ 145 ಅಂಕಗಳೂ ಮೂಗಿನ ಕೆಲಸಕ್ಕೆ. ಪ್ರತಿಯೊಂದು ವಿಭಾಗದಲ್ಲಿಯೂ ನೂರಕ್ಕೆ 70ರಷ್ಟು ಪಡೆಯದ ನಾಯಿಗೆ ಅರ್ಹತೆ ಇಲ್ಲ. ಒಂದರಲ್ಲಿ ಮಿಗಿಲಾಗಿ ಗಳಿಸಿ ಇನ್ನೊಂದರ ಕೊರತೆಯನ್ನು ತುಂಬುವಂತಿಲ್ಲ. ಅತ್ಯುನ್ನತ ಪದವಿ ಬೇಕಾದರೆ ಜಾಡು ಅಥವಾ ಪಹರೆ ವರ್ಗದಲ್ಲಿ, ಬೇರೆ ಬೇರೆ ತೀರ್ಪುಗಾರರ ಕೈಕೆಳಗೆ, ಎರಡು ಬಾರಿ ಗೆಲ್ಲಬೇಕು.

ಜಾಡಿನ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ರೈತನೊಬ್ಬನ ಹೊಲದಲ್ಲಿ, ತೀರ್ಪುಗಾರ ಮೊದಲೇ ಬರೆದಿಟ್ಟ ನಕ್ಷೆಯಂತೆ, ಅಪರಿಚಿತನೊಬ್ಬ ಸುಮಾರು ಅರ್ಧ ಮೈಲಿ ನಡೆದುಹೋಗುತ್ತಾನೆ. ಅಲ್ಲಲ್ಲಿ ತಿರುಗುತ್ತಾನೆ. ಬಟ್ಟೆಯ ಚೂರು, ಮರದ ತುಂಡು ಮುಂತಾದ ಸಣ್ಣ ವಸ್ತುಗಳನ್ನು ದಾರಿಯಲ್ಲಿ ಬಿಟ್ಟು ಹೋಗುತ್ತಾನೆ. ಅನಂತರ ಕಾಯಬೇಕು. ಕೆಳಗಿನ ವರ್ಗದಲ್ಲಿ ಕನಿಷ್ಠ ಅರ್ಧ ಗಂಟೆ, ಅದರ ಮೇಲಿನದರಲ್ಲಿ ಒಂದೂವರೆ ಗಂಟೆ, ಜಾಡುಶ್ವಾನ ವರ್ಗದಲ್ಲಿ ಮೂರು ಗಂಟೆ. ಆ ಮೂರು ಗಂಟೆಗಳಲ್ಲಿ ಗಾಳಿ ಬೀಸುತ್ತದೆ, ಮಳೆ ಬರಬಹುದು, ಮೊಲವೋ ಹಕ್ಕಿಯೋ ಅಡ್ಡ ಹಾಯಬಹುದು. ಬಳಿಕ ನಾಯಿಗೆ ಎದೆಪಟ್ಟಿ ತೊಡಿಸಿ, ಉದ್ದವಾದ ಹಗ್ಗ ಕಟ್ಟಿ, ಹೊಲದ ಅಂಚಿನಲ್ಲಿ ಬಿಡುತ್ತಾರೆ. ತುಳಿದ ಹುಲ್ಲಿನ, ಕದಡಿದ ಮಣ್ಣಿನ, ಮನುಷ್ಯನ ಮೈಯಿಂದ ಉದುರಿದ ಸೂಕ್ಷ್ಮ ಕಣಗಳ ವಾಸನೆಯನ್ನು ಹಿಡಿದು ನಾಯಿ ಮುನ್ನಡೆಯುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿರುವ ಮನುಷ್ಯನಿಗೆ ದಾರಿ ಗೊತ್ತಿಲ್ಲ. ಎಲ್ಲಿ ತಿರುಗಬೇಕೆಂದು ಅವನು ಊಹಿಸಿ ಹಗ್ಗ ಜಗ್ಗಿದರೆ ನಾಯಿ ತಪ್ಪುತ್ತದೆ, ಇಬ್ಬರೂ ಸೋಲುತ್ತಾರೆ.

ಪ್ರಾಣಿಗಳೊಡನೆ ಮನುಷ್ಯ ಆಡುವ ಆಟಗಳಲ್ಲಿ ಇಂಥ ಸ್ಥಿತಿ ವಿರಳ. ಸರ್ಕಸ್ಸಿನಲ್ಲಿ, ಓಟದ ಕಣದಲ್ಲಿ, ಕಾಳಗದಲ್ಲಿ ತಿಳಿದವನು ಮನುಷ್ಯ, ಮಾಡುವುದು ಪ್ರಾಣಿ. ಇಲ್ಲಿ ತಿಳಿದಿರುವುದು ನಾಯಿಗೆ. ಘ್ರಾಣೇಂದ್ರಿಯದ ಮೂಲಕ ಒದಗುವ ಮತಿಜ್ಞಾನದಲ್ಲಿ ಆ ತಿರ್ಯಂಚ ಜೀವವು ತನಗಿಂತ ಎಷ್ಟೋ ಮೇಲಿದೆ ಎಂಬುದನ್ನು ಒಪ್ಪಿಕೊಂಡು, ತನ್ನ ಅಹಂಕಾರವನ್ನು ಬದಿಗಿಟ್ಟು, ಅದರ ಹಿಂದೆ ನಡೆಯುವವನೇ ಗೆಲ್ಲುವುದು. ಮಾನಕಷಾಯವನ್ನು ಅರ್ಧ ಗಂಟೆಯ ಮಟ್ಟಿಗಾದರೂ ತಗ್ಗಿಸುವ ಕ್ರೀಡೆ ಇದು ಎನ್ನಲು ನನಗೆ ಸಂಕೋಚವಿಲ್ಲ. ನಾಯಿಯೂ ಇಲ್ಲಿ ತನ್ನ ಸ್ವಭಾವಕ್ಕೆ ಒಗ್ಗಿದ್ದನ್ನೇ ಮಾಡುತ್ತದೆ. ಯಾವ ಜೀವವೂ ಬೆದರುವುದಿಲ್ಲ, ಸಾಯುವುದಿಲ್ಲ. ದಾರಿಯ ಕೊನೆಯಲ್ಲಿ ಸಿಗುವುದು ಒಂದು ಬಟ್ಟೆಯ ಚೂರು. ಹುಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ಇರುವ ಜೀವಗಳ ವಿರಾಧನೆಯ ಮಾತನ್ನು ಎತ್ತುವ ಶ್ರಾವಕರಿದ್ದಾರೆ. ಆ ಮಾತು ಸತ್ಯವೇ. ಆದರೆ ಅದು ನಮ್ಮ ಬೆಳಗಿನ ನಡಿಗೆಗೂ ಅಷ್ಟೇ ಅನ್ವಯಿಸುತ್ತದೆ.

ಜಿಗಿತದ ವಿಭಾಗದ ಬಗೆಗೆ ಇಷ್ಟು ಪ್ರಶಂಸೆ ಸಾಧ್ಯವಿಲ್ಲ. ದೊಡ್ಡ ನಾಯಿಗಳಿಗೆ ಬಹುಕಾಲದಿಂದ ನಡೆದುಬಂದ ಅಳತೆಗಳೆಂದರೆ ಮೂರು ಅಡಿ ಎತ್ತರದ ಬೇಲಿ, ಒಂಬತ್ತು ಅಡಿ ಉದ್ದದ ಹಾರುವಿಕೆ, ಆರು ಅಡಿ ಎತ್ತರದ ಹಲಗೆಗೋಡೆ. ಗೋಡೆಯನ್ನು ಹತ್ತಿ ಆಚೆ ಧುಮುಕಬೇಕು, ನಿಂತಿರಬೇಕು, ಕರೆದಾಗ ಮತ್ತೆ ಅದೇ ಗೋಡೆಯನ್ನು ಹತ್ತಿ ಈಚೆಗೆ ಬರಬೇಕು. ಆರು ಅಡಿಯಿಂದ ಧುಮುಕುವಾಗ ಮುಂಗಾಲುಗಳ ಮೇಲೆ, ಭುಜದ ಕೀಲುಗಳ ಮೇಲೆ ಬೀಳುವ ಭಾರವನ್ನು ಊಹಿಸುವುದು ಕಷ್ಟವಲ್ಲ. ಆ ಭಾರ ಪರೀಕ್ಷೆಯ ದಿನದ್ದು ಮಾತ್ರವಲ್ಲ, ಅದಕ್ಕೆ ಮೊದಲು ನಡೆದ ನೂರಾರು ಅಭ್ಯಾಸಗಳದ್ದೂ ಹೌದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೆಂದರೆ ಎತ್ತಿನ ಬೆನ್ನಿನ ಮೇಲೆ ಹೊರಲಾರದ ಮೂಟೆ ಹೇರುವುದು ಎಂದಷ್ಟೇ ನಾವು ಪಾಠಶಾಲೆಯಲ್ಲಿ ಕಲಿತಿದ್ದೇವೆ. ಮೂಟೆಯಿಲ್ಲದೆಯೂ ಭಾರ ಹೇರಬಹುದು.

ವಿಧೇಯತೆಯ ವಿಭಾಗದಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಯಜಮಾನ ಕಣ್ಮರೆಯಾದ ಮೇಲೂ ನಾಯಿ ಹತ್ತು ನಿಮಿಷ ಮಲಗಿದಲ್ಲಿಯೇ ಮಲಗಿರಬೇಕು. ಇನ್ನೊಂದು, ಬಂದೂಕಿನ ಸದ್ದಿಗೆ ಅದು ಬೆದರಬಾರದು, ಬೊಗಳಿ ಮೇಲೆ ಬೀಳಲೂಬಾರದು. ಮೊದಲನೆಯದರಲ್ಲಿ ದೋಷ ಕಾಣುವುದಿಲ್ಲ. ಸುಶಿಕ್ಷಿತ ನಾಯಿಗೆ ಅದು ವಿಶ್ರಾಂತಿಯೂ ಆಗಬಹುದು. ಎರಡನೆಯದು ಯುದ್ಧಕಾಲದ ಉಳಿಕೆ. ಪೊಲೀಸರಿಗೂ ಸೇನೆಗೂ ಬೇಕಾದ ಗುಣವನ್ನು ಮನೆಯ ನಾಯಿಯಲ್ಲಿ ಪರೀಕ್ಷಿಸುವ ಅಗತ್ಯವೇನು ಎಂಬ ಪ್ರಶ್ನೆಗೆ 'ನಿಯಮದಲ್ಲಿದೆ' ಎಂಬುದಕ್ಕಿಂತ ಬೇರೆ ಉತ್ತರ ತೋರದು.

ಆದರೆ ನಿಯಮಪುಸ್ತಕವನ್ನು ಮಾತ್ರ ಓದಿ ಈ ಕ್ರೀಡೆಯನ್ನು ಅಳೆಯಲಾಗದು. ತೀರ್ಪುಗಾರನಿಗೆ ಕಾಣುವುದು ಅರ್ಧ ದಿನ. ನಾಯಿಯ ಬದುಕಿನ ಉಳಿದ ದಿನಗಳು ಅವನ ಕಣ್ಣಿಗೆ ಬೀಳುವುದಿಲ್ಲ. ಹತ್ತು ನಿಮಿಷ ಅಲುಗಾಡದೆ ಮಲಗಿರುವ ನಾಯಿ ನೆಮ್ಮದಿಯಿಂದ ಮಲಗಿದೆಯೋ, ಎದ್ದರೆ ಏನಾಗುವುದೆಂಬ ಭಯದಿಂದ ಮಲಗಿದೆಯೋ? ಅಂಕದ ಹಾಳೆಯಲ್ಲಿ ಎರಡಕ್ಕೂ ಒಂದೇ ಅಂಕ. ಈ ಕ್ರೀಡೆಯ ಮೇಲಿನ ನನ್ನ ಮೊದಲ ಗಂಭೀರ ಆಕ್ಷೇಪವಿದು. ಫಲವನ್ನು ಅಳೆಯುವ ವ್ಯವಸ್ಥೆ ಉಪಾಯವನ್ನು ಅಳೆಯುವುದಿಲ್ಲ. ನಮ್ಮ ಶಾಸ್ತ್ರವಾದರೋ ಹಿಂಸೆಯನ್ನು ನಿರೂಪಿಸುವಾಗ ಪ್ರಮತ್ತಯೋಗವನ್ನೇ ಮುಂದಿಡುತ್ತದೆ. ಮಾಡುವವನ ಭಾವವನ್ನು ಬಿಟ್ಟು ಫಲದಿಂದಲೇ ಎಣಿಸುವ ಪದ್ಧತಿ ಅದಕ್ಕಿಲ್ಲ.

ಉಪಾಯಗಳ ಚರಿತ್ರೆ ಸುಖಕರವಾದುದಲ್ಲ. ಜರ್ಮನಿಯ ಕಾನ್ರಾಡ್ ಮೋಸ್ಟ್ ಎಂಬ ಪೊಲೀಸ್ ಅಧಿಕಾರಿ 1910ರಲ್ಲಿ ನಾಯಿಗಳ ಶಿಕ್ಷಣವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಬಹುಮಾನವನ್ನು ಅವನು ಬಲ್ಲನಾದರೂ ಬಲವಂತಕ್ಕೆ ದೊಡ್ಡ ಸ್ಥಾನ ಕೊಟ್ಟನು. ಒಳಮುಖವಾಗಿ ಮುಳ್ಳುಗಳಿರುವ ಕೊರಳಪಟ್ಟಿ ಅವನ ಸಾಧನಗಳಲ್ಲೊಂದು. ಎರಡು ಮಹಾಯುದ್ಧಗಳ ಸೈನಿಕ ಶ್ವಾನಶಿಕ್ಷಣ ಬಹುಮಟ್ಟಿಗೆ ಈ ದಾರಿಯಲ್ಲಿ ನಡೆಯಿತು. ಆಮೇಲೆ ವಿದ್ಯುತ್ ಕೊರಳಪಟ್ಟಿ ಬಂದಿತು. ದೂರದಲ್ಲಿ ನಿಂತವನು ಗುಂಡಿ ಒತ್ತಿದರೆ ನಾಯಿಯ ಕುತ್ತಿಗೆಗೆ ಆಘಾತ. 2004ರಲ್ಲಿ ನೆದರ್ಲೆಂಡ್ಸಿನ ಶಿಲ್ಡರ್ ಮತ್ತು ವಾನ್ ಡೆರ್ ಬೋರ್ಗ್ ಎಂಬ ಸಂಶೋಧಕರು ಇಂಥ ಪಟ್ಟಿಯಿಂದ ಪಳಗಿಸಿದ ಕಾವಲುನಾಯಿಗಳನ್ನು ಹಾಗಲ್ಲದೆ ಪಳಗಿಸಿದ ನಾಯಿಗಳೊಡನೆ ಹೋಲಿಸಿ ನೋಡಿದರು. ಆಘಾತ ತಿಂದ ನಾಯಿಗಳು ಆಘಾತವಿಲ್ಲದ ಹೊತ್ತಿನಲ್ಲಿಯೂ, ಮೈದಾನದಲ್ಲಿ ಮಾತ್ರವಲ್ಲದೆ ಉದ್ಯಾನದಲ್ಲಿ ಸುತ್ತಾಡುವಾಗಲೂ, ಹೆಚ್ಚು ಅಂಜಿಕೆಯ ಲಕ್ಷಣಗಳನ್ನು ತೋರಿದವು. ಯಜಮಾನನ ಸಾನ್ನಿಧ್ಯವೇ ಅವುಗಳಿಗೆ ಆಘಾತದ ಮುನ್ಸೂಚನೆಯಾಗಿಬಿಟ್ಟಿದೆಯೆಂದು ಅವರು ಊಹಿಸಿದರು. ಜರ್ಮನಿಯ ಉಚ್ಚ ಆಡಳಿತ ನ್ಯಾಯಾಲಯ 2006ರಲ್ಲಿ ಇಂಥ ಪಟ್ಟಿಗಳ ಬಳಕೆ ಸಲ್ಲದೆಂದು ತೀರ್ಪಿತ್ತಿತು. ವೇಲ್ಸ್ 2010ರಲ್ಲಿ ನಿಷೇಧಿಸಿತು.

ಇನ್ನೊಂದು ಕಡೆಯಿಂದ ಬೆಳಕು ಬಂದದ್ದು ವಿಚಿತ್ರವಾದ ಸ್ಥಳದಿಂದ. ಅಮೆರಿಕದ ಕ್ಯಾರೆನ್ ಪ್ರಯರ್ ಎಂಬ ವಿದುಷಿ ಹವಾಯಿ ದ್ವೀಪದಲ್ಲಿ ಡಾಲ್ಫಿನುಗಳಿಗೆ ಕಲಿಸುತ್ತಿದ್ದರು. ಡಾಲ್ಫಿನಿಗೆ ಕೊರಳಪಟ್ಟಿ ಹಾಕಲಾಗದು. ಗದರಿಸಿದರೆ ಅದು ಈಜಿಕೊಂಡು ದೂರ ಹೋಗುತ್ತದೆ. ಹಾಗಾಗಿ ಸರಿಯಾದದ್ದನ್ನು ಮಾಡಿದ ಕ್ಷಣದಲ್ಲಿ ಒಂದು ಸೀಟಿ, ಹಿಂದೆಯೇ ಒಂದು ತುತ್ತು, ಇಷ್ಟರಿಂದಲೇ ಕಲಿಸಬೇಕಾಯಿತು. 1984ರ ಅವರ ಪುಸ್ತಕದ ಅನಂತರ ಈ ಕ್ರಮ ನಾಯಿಗಳ ಶಿಕ್ಷಣಕ್ಕೂ ವ್ಯಾಪಕವಾಗಿ ಬಂದಿತು. ಮುಳ್ಳುಪಟ್ಟಿ ಅನಿವಾರ್ಯವೆಂದು ತಲೆಮಾರುಗಳ ಕಾಲ ನಂಬಿದ್ದವರಿಗೆ, ಅದು ಅನಿವಾರ್ಯವಾಗಿ ತೋರಿದ್ದು ನಾಯಿ ಓಡಿಹೋಗಲಾರದು ಎಂಬ ಕಾರಣದಿಂದ ಮಾತ್ರ ಎಂಬುದನ್ನು ಡಾಲ್ಫಿನುಗಳು ತೋರಿಸಿಕೊಟ್ಟವು. (ಆ ಡಾಲ್ಫಿನುಗಳೂ ಕೊಳದಲ್ಲಿ ಬಂದಿಗಳಾಗಿದ್ದವು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.)

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಶ್ರಾವಕರ ಮಕ್ಕಳಿಗೆ ಬಾಯಿಪಾಠವಾಗಿರುವ ಈ ಐದು ಶಬ್ದಗಳು ಆಧುನಿಕ ಶ್ವಾನಕ್ರೀಡೆಗೆ ಎಷ್ಟು ನೇರವಾಗಿ ತಾಗುತ್ತವೆಂಬುದು ಆಶ್ಚರ್ಯಕರ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಹೊಡೆಯುವುದು. ವಿದ್ಯುತ್ ಪಟ್ಟಿ ಅದರ ಹೊಸ ರೂಪ. ಬಂಧವೆಂದರೆ ಪರೀಕ್ಷೆಯ ದಿನ ಅರ್ಧ ಗಂಟೆ ಹೊಲದಲ್ಲಿ ಓಡಿ ಉಳಿದ ಹೊತ್ತು ವಾಹನದೊಳಗಿನ ಪಂಜರದಲ್ಲಿ ಸರದಿಗಾಗಿ ಕಾಯುವುದು. ಬಹುಮಾನದ ತುತ್ತಿಗೆ ಆಸೆ ಹೆಚ್ಚಲಿ ಎಂದು ತರಬೇತಿಗೆ ಮೊದಲು ಊಟ ತಪ್ಪಿಸುವ ರೂಢಿ ಹಲವರಲ್ಲಿದೆ; ಅದು ಒಂದು ಹೊತ್ತಿನ ಹಸಿವೆಯೆಂದು ಅವರು ಹೇಳಿದರೂ ಅನ್ನಪಾನನಿರೋಧದ ಗಡಿಯಲ್ಲಿಯೇ ಇದೆ. ಕೆಲಸವಾದ ಮೇಲೆ ಉಣಿಸುವುದು ಬೇರೆ, ಕೆಲಸ ಮಾಡಲೆಂದು ಹಸಿವನ್ನು ಉಂಟುಮಾಡುವುದು ಬೇರೆ. ಛೇದದ ವಿಷಯದಲ್ಲಿ ಪಾಶ್ಚಾತ್ಯರು ನಮಗಿಂತ ಮುಂದೆ ಹೋಗಿದ್ದಾರೆ. ಬಾಲ ಕತ್ತರಿಸುವುದನ್ನು ಜರ್ಮನಿಯಲ್ಲಿ 1998ರಲ್ಲಿ, ಬೇಟೆನಾಯಿಗಳಿಗೆ ರಿಯಾಯಿತಿ ಉಳಿಸಿಕೊಂಡು, ನಿಷೇಧಿಸಲಾಯಿತು. ಇಂಗ್ಲೆಂಡಿನಲ್ಲಿ 2006ರ ಕಾಯಿದೆಯ ಮೂಲಕ ಕೆಲವು ಕಾರ್ಯನಾಯಿಗಳನ್ನು ಬಿಟ್ಟು ಉಳಿದವಕ್ಕೆ ನಿಷೇಧ ಬಂದಿತು. ನಮ್ಮ ನಗರಗಳಲ್ಲಿ ಕಿವಿ ಕೊಯ್ದು ಬಾಲ ತುಂಡರಿಸಿದ ಡಾಬರ್ಮನ್ ಇಂದಿಗೂ ಕಣ್ಣಿಗೆ ಬೀಳುತ್ತದೆ, ಜೈನ ಮನೆಗಳ ಅಂಗಳದಲ್ಲಿಯೂ.

ಇನ್ನು ಪಹರೆಶ್ವಾನದ ವರ್ಗ. ಇಲ್ಲಿ ಜಾಡು, ಜಿಗಿತ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವಿಭಾಗವೊಂದಿದೆ. ಕಳ್ಳನ ವೇಷದಲ್ಲಿ ಒಬ್ಬ ಸಹಾಯಕನಿರುತ್ತಾನೆ, ಕೈಗೆ ದಪ್ಪನೆಯ ತೋಳುಕವಚ ತೊಟ್ಟಿರುತ್ತಾನೆ. ಬಯಲಿನಲ್ಲಿ ಅಡಗಿರುವ ಅವನನ್ನು ನಾಯಿ ಹುಡುಕಿ ಬೊಗಳಬೇಕು, ಓಡಿದಾಗ ಬೆನ್ನಟ್ಟಿ ತೋಳನ್ನು ಕಚ್ಚಿ ಹಿಡಿಯಬೇಕು, ಬೆದರಿಸಿದರೆ ಹಿಂಜರಿಯಬಾರದು, ಯಜಮಾನ ಹೇಳಿದೊಡನೆ ಬಿಡಬೇಕು, ಇನ್ನೊಮ್ಮೆ, ಓಡುತ್ತಿರುವವನ ಬೆನ್ನು ಹತ್ತಿದ ನಾಯಿ ಕರೆ ಕೇಳಿ ಅರ್ಧದಲ್ಲಿಯೇ ಹಿಂದಿರುಗಬೇಕು. ನೋಡಲು ರೋಮಾಂಚಕಾರಿಯಾದ ವಿಭಾಗವಿದು ಎಂಬುದರಲ್ಲಿ ಸಂದೇಹವಿಲ್ಲ.

ಗೃಹಸ್ಥನ ಹಿಂಸೆಯನ್ನು ನಮ್ಮವರು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪೊಲೀಸ್ ನಾಯಿಯೊಂದು ಕೊಲೆಗಾರನನ್ನು ಹಿಡಿದು ನಿಲ್ಲಿಸಿದರೆ ಅದು ವಿರೋಧೀ ಹಿಂಸೆಯ ಮೇರೆಯಲ್ಲಿದೆ. ಪ್ರಜೆಗಳ ರಕ್ಷಣೆಗಾಗಿ ನಡೆದದ್ದು. ಶ್ರಾವಕನಿಗೆ ಅದನ್ನು ಪೂರ್ಣವಾಗಿ ತ್ಯಜಿಸಲು ಸಾಧ್ಯವಾಗದು. ಅದೇ ಕಡಿತ, ಅದೇ ನಾಯಿ, ಅದೇ ಆಜ್ಞೆ. ಕಳ್ಳನಿಲ್ಲ, ಅಪಾಯವಿಲ್ಲ, ಭಾನುವಾರ ಬೆಳಗ್ಗೆ ಅಂಕಗಳಿಗಾಗಿ ನಡೆಯುತ್ತದೆ. ಈಗ ಅದು ಏನಾಯಿತು? ಪ್ರಯೋಜನವಿಲ್ಲದ ಪಾಪವೃತ್ತಿಗೆ ನಮ್ಮಲ್ಲಿ ಅನರ್ಥದಂಡ ಎಂಬ ಹೆಸರಿದೆ. ಕ್ರೌರ್ಯದ ಉಪಕರಣವನ್ನು ಸಿದ್ಧಪಡಿಸಿ ಲೋಕಕ್ಕೆ ಒದಗಿಸುವುದು ಅದರ ಒಂದು ಬಗೆ. ಪಹರೆಶ್ವಾನದ ಸ್ಪರ್ಧೆ ನನ್ನ ದೃಷ್ಟಿಯಲ್ಲಿ ಆ ಬಗೆಗೆ ಸೇರುತ್ತದೆ.

ಈ ಕ್ರೀಡೆಯ ಪರವಾಗಿರುವವರ ಉತ್ತರವನ್ನು ನ್ಯಾಯವಾಗಿ ಕೇಳಬೇಕು. ನಾಯಿಗೆ ತೋಳುಕವಚ ಒಂದು ಆಟಿಕೆ, ಅದು ಕೋಪದಿಂದ ಕಚ್ಚುವುದಿಲ್ಲ, ಬಾಲವಾಡಿಸುತ್ತ ಕಚ್ಚುತ್ತದೆ ಎಂದು ಅವರು ಹೇಳುತ್ತಾರೆ. ಚೆನ್ನಾಗಿ ಕಲಿತ ನಾಯಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜವೆಂದೇ ತೋರುತ್ತದೆ. ಕಚ್ಚಿದ್ದನ್ನು ಆಜ್ಞೆಗೆ ಬಿಡುವುದು, ಬೆನ್ನಟ್ಟಿದವನನ್ನು ಅರ್ಧದಲ್ಲಿ ಬಿಟ್ಟು ಬರುವುದು ಸಂಯಮದ ಶಿಕ್ಷಣವೇ ಹೊರತು ಕ್ರೌರ್ಯದ್ದಲ್ಲ ಎಂಬ ವಾದವೂ ಬಲವಾದದ್ದು. ಇದೆಲ್ಲವನ್ನೂ ಒಪ್ಪೋಣ. ಆದರೆ ನಾಯಿಗೆ ಅದು ಆಟವಾದರೆ ನೋಡುವವರಿಗೆ ಏನು? ಅವರು ನೋಡಿ ಹಿಗ್ಗುವುದು ಆಟಿಕೆಯ ಎಳೆದಾಟವನ್ನಲ್ಲ, ಓಡುವ ಮನುಷ್ಯನ ಮೇಲೆ ಪ್ರಾಣಿಯೊಂದು ಎರಗುವ ದೃಶ್ಯವನ್ನು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ನಾಯಿಯದು ಕೃತ; ಅದಕ್ಕೆ ದ್ವೇಷವಿಲ್ಲವೆಂದರೆ ಅದರ ಬಂಧವೂ ಹಗುರ. ಯಜಮಾನನದು ಕಾರಿತ. ಚಪ್ಪಾಳೆ ತಟ್ಟುವವರದು ಅನುಮೋದಿತ. ಹಿಂಸಾನಂದವೆಂಬ ರೌದ್ರಧ್ಯಾನಕ್ಕೆ ಒಳಗಾಗುವವರು ಹಗ್ಗದ ಈಚೆಯ ತುದಿಯಲ್ಲಿರುವವರು, ಬೇಲಿಯ ಹೊರಗೆ ನಿಂತವರು.

ಶ್ವೇತಾಂಬರ ಆಗಮವಾದ ಆಚಾರಾಂಗದಲ್ಲಿ, ಲಾಢದೇಶದಲ್ಲಿ ವಿಹರಿಸುತ್ತಿದ್ದ ಮಹಾವೀರ ಸ್ವಾಮಿಯ ಮೇಲೆ ಜನರು ನಾಯಿಗಳನ್ನು ಛೂ ಬಿಟ್ಟ ಪ್ರಸಂಗವಿದೆ. ಅಲ್ಲಿ ನಿಂದೆಗೆ ಗುರಿಯಾಗುವವರು ಛೂ ಎಂದವರೇ. ಆ ಪ್ರಸಂಗವನ್ನು ಓದಿದವರಿಗೆ 'ಕಚ್ಚು' ಎಂಬ ಆಜ್ಞೆಯನ್ನು ಕ್ರೀಡೆಯ ಶಬ್ದವಾಗಿ ಕೇಳುವುದು ಕಷ್ಟ.

ಕುರಿನಾಯಿಗಳ ಸ್ಪರ್ಧೆ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಯಿ ಕುರಿಯನ್ನು ಕಚ್ಚಿದರೆ ಅದನ್ನು ಸ್ಪರ್ಧೆಯಿಂದ ಹೊರಹಾಕುವುದು ರೂಢಿ. ದೂರದ ಗುಡ್ಡದಿಂದ ಕೆಲವೇ ಕುರಿಗಳನ್ನು ಕೂಡಿಸಿ, ಬಾಗಿಲುಗಳ ನಡುವೆ ನಡೆಸಿ, ದೊಡ್ಡಿಗೆ ಸೇರಿಸಬೇಕು. ಸೀಟಿಯ ಸದ್ದು, ನಾಯಿಯ ದೃಷ್ಟಿ, ಅಷ್ಟೇ. ಕಲೆಯ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮನೋಹರ. ಆದರೂ ಕುರಿಗಳು ಸರಿಯುವುದು ಭಯದಿಂದ ಎಂಬುದನ್ನು ಮರೆಯಲಾಗದು. ಮತ್ತು ಆ ಗುಡ್ಡದ ಕುರಿಗಳ ಕೊನೆಯ ದಾರಿ ಕಸಾಯಿಖಾನೆಯದು.

ನಾಯಿಯನ್ನು ನಮ್ಮ ಪರಂಪರೆ ಹೇಗೆ ಕಂಡಿದೆ? ಜೀವಂಧರನ ಕಥೆಯನ್ನು ಕನ್ನಡ ಜೈನರಿಗೆ ನೆನಪಿಸಬೇಕಾಗಿಲ್ಲ. ವಾದೀಭಸಿಂಹನ ಸಂಸ್ಕೃತ ಕೃತಿಗಳಿಂದ ಹಿಡಿದು 1424ರ ಭಾಸ್ಕರನ 'ಜೀವಂಧರ ಚರಿತೆ'ಯವರೆಗೆ ಅದು ಹರಿದುಬಂದಿದೆ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಈ ಕಥೆಯನ್ನು ನಾವು ಮಂತ್ರದ ಮಹಿಮೆಗೆ ಮಾತ್ರ ಹೇಳುತ್ತೇವೆ. ಮಂತ್ರ ಫಲಿಸಬೇಕಾದರೆ ಕೇಳುವವನಲ್ಲಿ ಯೋಗ್ಯತೆ ಇರಬೇಕಷ್ಟೆ. ನಾಯಿ ಸಂಜ್ಞಿ ಪಂಚೇಂದ್ರಿಯ ಜೀವ, ಮನಸ್ಸುಳ್ಳದ್ದು. ಅಂಥ ತಿರ್ಯಂಚನಿಗೆ ಸಮ್ಯಕ್ತ್ವವೂ ಉಂಟು, ಐದನೆಯ ಗುಣಸ್ಥಾನದವರೆಗೆ ಏರುವ, ಎಂದರೆ ದೇಶವ್ರತವನ್ನು ಧರಿಸುವ, ಸಾಮರ್ಥ್ಯವೂ ಉಂಟು ಎಂದು ಸಿದ್ಧಾಂತವೇ ಹೇಳುತ್ತದೆ. ವ್ರತವನ್ನು ಧರಿಸಬಲ್ಲ ಜೀವಕ್ಕೆ ನಾವು ಏನನ್ನು ಕಲಿಸುತ್ತಿದ್ದೇವೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇದರ ಪಕ್ಕದಲ್ಲಿಯೇ ಇನ್ನೊಂದು ಸ್ಮಾರಕವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಮಧ್ಯದ ಶಿಲಾಶಾಸನ. ಗಂಗ ಬೂತುಗನ ಸೇವೆಯಲ್ಲಿದ್ದ ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಅದನ್ನು ಕಾಡುಹಂದಿಯ ಮೇಲೆ ಬಿಡಲಾಯಿತು. ಎರಡೂ ಹೋರಾಡಿ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಕೊಟ್ಟರು. ಗಂಗರು ಜೈನಧರ್ಮಕ್ಕೆ ಆಶ್ರಯವಿತ್ತವರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕಲ್ಲಿನ ಮುಂದೆ ನಿಂತಾಗ ಕಾಳಿಯ ಬಗೆಗಿನ ಪ್ರೀತಿ ಸುಳ್ಳೆಂದು ಅನಿಸುವುದಿಲ್ಲ. ಪ್ರೀತಿಸಿದವರೇ ಅದನ್ನು ಹಂದಿಯ ಮೇಲೆ ಬಿಟ್ಟರು. ಇಂಗ್ಲೆಂಡಿನ ಪಹರೆಶ್ವಾನದ ಯಜಮಾನನೂ ತನ್ನ ನಾಯಿಯನ್ನು ಪ್ರೀತಿಸುತ್ತಾನೆ. 'ಪ್ರೀತಿಯಿದೆ' ಎಂಬ ಮಾತಿನಿಂದ ಪ್ರಶ್ನೆ ಮುಗಿಯುವುದಿಲ್ಲ.

ಹೀಗೆ ಹೊರಗಿನವರನ್ನು ಅಳೆದ ಮೇಲೆ ನಮ್ಮ ಮನೆಯ ಕಡೆಗೆ ತಿರುಗದೆ ವಿಧಿಯಿಲ್ಲ. ತುಳುನಾಡಿನ ಕೆಲವು ಜೈನ ಗುತ್ತು-ಬೀಡುಗಳು ತಲೆಮಾರುಗಳಿಂದ ಕಂಬಳದ ಆಶ್ರಯದಾತರು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟಿನ ವಿರುದ್ಧ ತೀರ್ಪಿತ್ತಾಗ ಕಂಬಳದ ಮೇಲೂ ಅದರ ನೆರಳು ಬಿದ್ದಿತು. 2017ರಲ್ಲಿ ನಮ್ಮ ರಾಜ್ಯ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನಪೀಠ ಅದನ್ನು ಎತ್ತಿಹಿಡಿಯಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ತೀರಿತು. ಕೋಣದ ಬೆನ್ನಿನ ಮೇಲೆ ಬೀಳುವ ಬೆತ್ತಕ್ಕೆ ಅಣುವ್ರತದಲ್ಲಿ ಏನು ಹೆಸರು ಎಂಬ ಪ್ರಶ್ನೆ ತೀರಿಲ್ಲ. ಅದನ್ನು ನಮ್ಮ ಪತ್ರಿಕೆಗಳಲ್ಲಿ ಯಾರೂ ಸಲೀಸಾಗಿ ಎತ್ತುವುದಿಲ್ಲ.

ನಾಯಿಯನ್ನು ಸಾಕಿ ಮಾರುವ ಉದ್ಯಮದ ಕುರಿತೂ ಒಂದು ಮಾತು. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವೆಂಬುದೊಂದು. ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ಹಣಕ್ಕಾಗಿ ಸಾಕಬಾರದ ಪ್ರಾಣಿಪಕ್ಷಿಗಳ ಸಾಲಿನಲ್ಲಿ ನಾಯಿಯನ್ನೂ ಸೇರಿಸಿದ್ದಾರೆ. ಸ್ಪರ್ಧೆಗಳಲ್ಲಿ ಗೆದ್ದ ವಂಶದ ಮರಿಯೆಂದು ದೊಡ್ಡ ಬೆಲೆ ಕೊಟ್ಟು ತರುವವರು, ಅದರಿಂದ ಮತ್ತೆ ಮರಿ ಮಾಡಿಸಿ ಮಾರುವವರು ಈ ಮಾತನ್ನು ಒಮ್ಮೆ ತೆರೆದು ನೋಡಬೇಕು. ಗೆಲ್ಲದ ಮರಿಗಳು ಎಲ್ಲಿಗೆ ಹೋಗುತ್ತವೆ ಎಂದು ಮಾರುವವನನ್ನು ಕೇಳುವವರು ಕಡಿಮೆ.

ಕೊನೆಯದಾಗಿ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ. ವಿಗ್ರಹಗಳ ಕಳವಿನ ಭಯ ನಿಜವಾದದ್ದು, ಕಾವಲಿಗೆ ನಾಯಿ ಬೇಕೆಂಬುದೂ ಅರ್ಥವಾಗುವಂಥದು. ಆದರೆ ನಮ್ಮ ಎಷ್ಟೋ ಆವರಣಗಳಲ್ಲಿ ಆ ನಾಯಿ ಹಗಲೆಲ್ಲ ಗಿಡ್ಡ ಸರಪಳಿಯಲ್ಲಿರುತ್ತದೆ. ಜರ್ಮನಿಯ ಪರೀಕ್ಷೆಯಲ್ಲಿ ಜಾಡಿಗೆ ಬಿಟ್ಟ ನಾಯಿಯ ಹಗ್ಗ ಹತ್ತು ಮೀಟರಿನದು, ಅದರ ಮುಂದೆ ಇಡೀ ಹೊಲವಿರುತ್ತದೆ. ನಮ್ಮ ನಾಯಿಯದು ಒಂದು ಗಜದ ಸುತ್ತು, ಅದರೊಳಗೇ ಊಟ, ಅದರೊಳಗೇ ಮಲ. ಬಂಧವೆಂಬ ಅತಿಚಾರಕ್ಕೆ ಉದಾಹರಣೆ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. 1960ರ ಪ್ರಾಣಿಹಿಂಸೆ ತಡ್ಡೆಗಟ್ಟುವ ನಮ್ಮ ಕಾಯಿದೆಯ ಹನ್ನೊಂದನೆಯ ಕಲಮು, ಅತಿ ಗಿಡ್ಡದಾದ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಡುವುದನ್ನೂ, ಸದಾ ಕಟ್ಟಿಟ್ಟಿರುವ ನಾಯಿಯನ್ನು ತಕ್ಕಷ್ಟು ಓಡಾಡಿಸದೆ ಇರುವುದನ್ನೂ ಹೆಸರಿಸಿಯೇ ಅಪರಾಧವೆಂದಿದೆ. ಬೆಳಗ್ಗೆ ಅಭಿಷೇಕಕ್ಕೆ ಮೊದಲು ಒಂದು ಗಂಟೆ, ಸಂಜೆ ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಆ ನಾಯಿಯನ್ನು ನಡೆಸಿಕೊಂಡು ಬರಲು ಒಬ್ಬ ಆಳು ಸಾಕು. ಸುತ್ತುಗೋಡೆಯೊಳಗೆ ಹಿತ್ತಲಿದ್ದರೆ ಅದನ್ನು ಬೇಲಿಯಿಂದ ಬೇರೆ ಮಾಡಿ, ಸರಪಳಿಯನ್ನು ತೆಗೆದೇಬಿಡಬಹುದು. ಮುಂದಿನ ವಾರ್ಷಿಕ ಸಭೆಯ ಆಯವ್ಯಯದಲ್ಲಿ ಇದಕ್ಕೊಂದು ಬಾಬನ್ನು ಸೇರಿಸುವುದು ಯಾವ ಮಂಡಳಿಗೂ ಹೊರೆಯಾಗದು.